ನಡುವೆ ಕಡಿದ ಕರೆಗಳು

೧೨ ನವೆಂಬರ್ ೨೦೨೫, ಬುಧವಾರ, ಗಚ್ಚಿಬೌಲಿ

ಉಮಾಬಾಯಿಯವರ ಚೀಟಿ ತಲೆಯಿಂದ ಇಳಿಯುತ್ತಿಲ್ಲ.

ಆಂಬ್ಯುಲೆನ್ಸ್ ಕಂಟ್ರೋಲ್ ರೂಮಿನ ಡ್ಯಾಶ್‌ಬೋರ್ಡಿಗೆ ಐದು ದಿನದ ಡಿಸೈನ್ ಸ್ಪ್ರಿಂಟ್, ಪರದೆಯಲ್ಲಿ ಏನೇನು ಕಾಣಬೇಕೆಂದು ತಂಡ ಕೂತು ತೀರ್ಮಾನಿಸುವ ಕೆಲಸ. ಇಂದು ಮೂರನೆಯ ದಿನ, ಗೋಡೆಗೆ ಅಂಟಿಸಿದ ಸಲಹೆ ಚೀಟಿಗಳಿಗೆ ಮತದಾನ. ಸ್ಪ್ರಿಂಟ್ ನಡೆಸುವ ಮಹಾರಾಜನಾದ ನಾನು ಮತ ಹಾಕಲು ಎಲ್ಲರಿಗೂ ತಲಾ ಮೂರು ಕೆಂಪು ಚುಕ್ಕೆ ದಯಪಾಲಿಸಿದೆ. ಬಣ್ಣಬಣ್ಣದ ನಕಾಶೆಯ ಚೀಟಿಗೆ ಹನ್ನೊಂದು ಬಿದ್ದವು. ಹದಿನಾರು ವರ್ಷ ಅಲ್ಲಿ ಫೋನ್ ಎತ್ತಿದ ಉಮಾಬಾಯಿ ಬರೆದ "ನಡುವೆ ಕಡಿದ ಕರೆಗಳು" ಚೀಟಿಗೆ ಒಂದೂ ಇಲ್ಲ. ಅವರಂಥ ಅತಿಥಿಗೆ ಮತವಿಲ್ಲ ಎಂಬುದು ನನ್ನದೇ ಶಾಸನ. ಶಾಸನದಂತೆ ಚೀಟಿಯನ್ನು ಕಸದ ಬುಟ್ಟಿಗೆ ಹಾಕಿದೆ.

"ಲೈನ್ ಕಡಿದವ್ರು ಸ್ಕ್ರೀನಿನ ಮ್ಯಾಲೆ ಎಲ್ಲಿ ಕಾಣ್ತಾರ್ರಿ ಸರ?" ಎಂದು ಉಮಾಬಾಯಿ ಕೇಳಿದರು.

"ಬೇಕಾದ್ರ ಮತ್ತ ಮಾಡ್ತಾರ ಬಿಡ್ರಿ ಬಾಯಾರ" ಎಂದೆ. ಎಲ್ಲರೂ ನಕ್ಕರು.

"ಮಾಡಲಿಲ್ಲಂದ್ರ?" ಅವರು ನಗಲಿಲ್ಲ. "ಒಬ್ಬಾಕಿ ಬಡಾವಣಿ ಹೆಸರಷ್ಟ ಹೇಳಿದ್ಲು, ಮೆಹದಿಪಟ್ಟಣಂ ಅಂತ, ಲೈನ್ ಕಡೀತು. ನಾ ತಿರುಗಿ ಮಾಡೂದ್ರಾಗ ಮುಂದಿನ ಕರೆ ಬಂತು. ಇವತ್ತಿಗೂ ಆ ದನಿ ಕೇಳಸ್ತೈತಿ."

ಈಗ ನನಗೂ ಕೇಳಿಸುತ್ತಿದೆ. ಸಂಜೆ ಮಹಾರಾಜರು ಬುಟ್ಟಿಯಲ್ಲಿ ಕೈಯಾಡಿಸಿ ಚೀಟಿ ತಂದಿದ್ದಾರೆ. ನಾಳೆ ಗೋಡೆಗೆ ಮೊದಲು ಅದೇ. ನನ್ನ ಮೂರು ಚುಕ್ಕೆಯೂ ಅದಕ್ಕೇ.

ಫೋನು ಒಂದೇ ಸಲ ಹೊಡೆದು ನಿಂತಿತು. ಗುರುತಿಲ್ಲದ ನಂಬರು, ಪ್ಲಾಟು ಮಾರುವವರಿರಬೇಕು. ಆದರೂ ತಿರುಗಿ ಮಾಡಿದೆ. ಅತ್ತ ರಿಂಗಾಗುತ್ತಲೇ ಇದೆ, ಯಾರೂ—