ಹಗೇವಿನ ಮೆಟ್ಟಿಲು ಅಗಲವಿರಲಿ

ಕಲಬುರಗಿ,
ಬಿಳಿಗಾಲದ ಇನ್ನೂರ ಹನ್ನೊಂದನೇ ವರ್ಷ, ಹಿಮಮಾಸದ ನಲವತ್ತೆರಡನೇ ದಿನ

ಪೂಜ್ಯ ಚಂದ್ರಾಮಪ್ಪ ಮುತ್ಯಾನವರಿಗೆ, ನಿಮ್ಮ ಮನೆತನದ ಸೊಸೆ ಮಹಾನಂದಾ ಮಾಡುವ ನಮಸ್ಕಾರ. ನಾನಿನ್ನೂ ಹುಟ್ಟಿಲ್ಲ, ಆದರೂ ಬರೆಯುತ್ತಿದ್ದೇನೆ. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನೀವೀಗ ಬಿಸಿಲಿಗೆ ತಲೆಗೆ ಟವೆಲ್ ಸುತ್ತಿಕೊಂಡು ಈ ಮನೆಯ ಪಾಯ ತೋಡಿಸುತ್ತಿದ್ದೀರಿ. ಅದೇ ಊರಲ್ಲಿ ನಮಗೆ ವರ್ಷದ ಬಹುಭಾಗ ಬಿಳಿಗಾಲ, ಅಂದರೆ ಬಾಗಿಲ ಚಿಲಕದ ಮಟ್ಟಕ್ಕೆ ಹಿಮ ನಿಲ್ಲುವ ಕಾಲ. ನಗಬೇಡಿ.

ಜೋಳ ತುಂಬಲೆಂದು ನೀವು ನೆಲದಡಿ ಮಾಡಿಸುತ್ತಿರುವ ಹಗೇವಿನಲ್ಲಿ ಈಗ ಕಬ್ಬಿಣದ ದೊಡ್ಡ ಒಲೆಯಿದೆ. ಅದರ ಶಾಖ ಪಡಸಾಲೆಯ ಕಾವುಗಿಂಡಿಯಿಂದ, ಎಂದರೆ ನೆಲದಲ್ಲಿ ಜಾಲರಿ ಹಾಕಿದ ತೂತಿನಿಂದ, ಮನೆಗೆಲ್ಲ ಏರುತ್ತದೆ. ಕೆಳಗೆ ಕೂತು ಚಳಿಜಾಲಿ ಮರದ ಕೊರಡು ಒಲೆಗೆ ತುಂಬುವವಳು, ಬೂದಿ ಎಳೆಯುವವಳು ಒಲೆಗಿತ್ತಿ. ಅವಳು ಮನೆಯ ಸೊಸೆಯೇ ಆಗಬೇಕು. ಮುಂದಿನ ಸೊಸೆ ಬಂದು ಒಲೆಯ ಇಕ್ಕಳ ಇಸಿದುಕೊಳ್ಳುವವರೆಗೆ ಪ್ರತಿ ಬಿಳಿಗಾಲವಿಡೀ ಅವಳು ಮೇಲೆ ಬರುವಂತಿಲ್ಲ. ಕೊಟ್ಟ ಮೇಲೆ ಕೆಳಗೆ ಇಳಿಯುವಂತಿಲ್ಲ. ನಿಮ್ಮ ಮೆಟ್ಟಿಲು ಒಬ್ಬರಿಗಾಗುವಷ್ಟೇ ಅಗಲ. ಒಬ್ಬರೇ ಇಳಿಯಬಹುದು ಎನ್ನುವುದನ್ನು ಒಬ್ಬರೇ ಇಳಿಯಬೇಕು ಎಂದು ಯಾರೋ ಮಾಡಿದರು. ಆಮೇಲೆ ಅದೇ ಶಾಸ್ತ್ರವಾಯಿತು.

ನಾನು ಒಲೆಗಿತ್ತಿಯಾಗಿದ್ದಾಗ ನನ್ನ ಊಟ ಹಗ್ಗದ ಬುಟ್ಟಿಯಲ್ಲಿ ಇಳಿಯುತ್ತಿತ್ತು. ನನ್ನ ಶಾಖ ಮೇಲೆ ಹೋಗುತ್ತಿತ್ತು, ಮೇಲಿದ್ದವರ ನಗು ಕೆಳಗೆ ಬರುತ್ತಿತ್ತು. ಮಗ ಮೊದಲ ಹೆಜ್ಜೆ ಇಟ್ಟದ್ದು ಗೊತ್ತಾದದ್ದೇ ಜಾಲರಿಯ ಮೇಲೆ ಅವನ ಕಾಲ ಸದ್ದಿನಿಂದ. ಮುಖ ಎತ್ತಿ ಕರೆದೆ. ನೆಲ ಮಾತಾಡಿತೆಂದು ಹೆದರಿ ಅತ್ತುಬಿಟ್ಟ. ಅವತ್ತಿನ ಸಂಕಟ ಇವತ್ತಿಗೂ ಹೋಗಿಲ್ಲ, ಮುತ್ಯಾ.

ಈಗ ಆ ಮಗನಿಗೆ ಮದುವೆಯಾಗಿದೆ. ಇವತ್ತು ಅವನ ಹೆಂಡತಿ ಜಗದೇವಿ ಇಳಿದು ಬಂದು ಕೈ ಚಾಚಿದಳು. ಇಕ್ಕಳ ಕೊಟ್ಟೆ. ಸುಳ್ಳೇಕೆ ಹೇಳಲಿ, ಓಡಿ ಮೆಟ್ಟಿಲು ಹತ್ತಿದೆ. ಮೇಲೆ ಕಿಟಕಿಯಲ್ಲಿ ಬೆಳಕು, ಬಿಸಿ ರೊಟ್ಟಿ, ಕಾಲಡಿ ಬೆಚ್ಚಗಿನ ನೆಲ. ಎಲ್ಲರೊಡನೆ ಕಾವುಗಿಂಡಿಯ ಸುತ್ತ ಕೂತೆ. ಕೆಳಗಿಂದ ಕೆಮ್ಮು ಬಂತು. ಆಮೇಲೆ ಸಣ್ಣ ದನಿ: "ಅತ್ತಿ, ಅಲ್ಲೇ ಅದೀರೇನ್ರಿ?"

ಉಳಿದವರು ರೊಟ್ಟಿ ಮುರಿಯುತ್ತಲೇ ಇದ್ದರು. ನಾನು ರೊಟ್ಟಿ ಕೆಳಗಿಟ್ಟೆ. ಎದ್ದು ಮೆಟ್ಟಿಲ ಬಳಿ ಹೋದೆ. ನನಗಿಂತ ಮೊದಲು ಒಲೆಗಿತ್ತಿಯಾಗಿದ್ದ ನನ್ನ ಅತ್ತೆ ಗುರುಬಾಯಿ ಅಡ್ಡ ಬಂದರು.

"ಇಕ್ಕಳ ಕೊಟ್ಟಾಕಿ ತಿರುಗಿ ಇಳಿಬಾರ್ದವ್ವ."

"ಇಕ್ಕಳ ಮುಟ್ಟಂಗಿಲ್ಲ ಅತ್ತಿ. ಬರೇ ಆಕಿ ಬಾಜೂಕ ಕುಂದರತೀನಿ."

"ನನ್ ಬಾಜೂಕ ಯಾರು ಕುಂತಿದ್ರು?" ಎಂದ ಅತ್ತೆ ಮೇಲಿನ ಮೆಟ್ಟಿಲ ಮೇಲೆ ಕುಸಿದು ಕೂತು ಅಳತೊಡಗಿದರು. ಇನ್ನೂ ಅಳುತ್ತಿದ್ದಾರೆ. ಪಕ್ಕದಲ್ಲಿ ದಾಟಿ ಹೋಗಲು ಜಾಗವಿಲ್ಲ. ಅವರ ಬೆನ್ನ ಹಿಂದೆ ನಿಂತೇ ಇದನ್ನು ಬರೆಯುತ್ತಿದ್ದೇನೆ. ಕೆಳಗೆ ಜಗದೇವಿ ಮತ್ತೆ ಕರೆಯುತ್ತಿದ್ದಾಳೆ.

ಮುತ್ಯಾ, ಕಲ್ಲು ಇನ್ನೂ ಕೂಡಿಸಿಲ್ಲದಿದ್ದರೆ ಮೆಟ್ಟಿಲನ್ನು ಇನ್ನೊಂದು ಮೊಳ ಅಗಲ ಮಾಡಿಸಿ. ಗೌಂಡಿ ಯಾಕೆಂದು ಕೇಳಿದರೆ ಜೋಳದ ಚೀಲ ಇಳಿಸಲು ಎನ್ನಿ. ನಮ್ಮ ಹೆಸರು ಹೇಳಿದರೆ ನಂಬುವುದಿಲ್ಲ.

ನಿಮ್ಮ ಮನೆಯ,
ಮಹಾನಂದಾ