ಗಾರ್ಡ್ ತೆಗೆದ ರೈಡ್

ನವೆಂಬರ್ 4, ಸಂಜಿ
ಮತ್ತ ರಾಯಚೂರು ಬಸ್. ಮತ್ತ ಹಲ್ಲಿನ ಕ್ಲಿಪ್ ಬಿಗಿ ಮಾಡ್ಸಿದ್ದು. ರೊಟ್ಟಿ ಕಡಿಯಾಕ ಆಗವಲ್ದು, ಅವ್ವ ಹಾಲಾಗ ನೆನಸಿ ಕೊಟ್ಲು. ಡಾಕ್ಟರ್ ಇವತ್ತು ಮೌತ್‌ಗಾರ್ಡ್ ಕೊಟ್ರು. ಹಲ್ಲಿಗೆ ಹಾಕ್ಕೊಳ್ಳೋ ರಬ್ಬರ್ ಕವಚ, ಅಚ್ಚು ತಗೊಂಡು ನನಗಂತನ ಮಾಡಿಸಿದ್ದು. ಅಂಗಡ್ಯಾಗ ಸಿಗೋದು ಬ್ಯಾಡಂತ — ನನ್ನ ಹಲ್ಲು ಇನ್ನೂ ಸರೀತಿರ್ತಾವ, ಅದು ಹಿಡದು ನಿಲ್ಲಿಸಿಬಿಡ್ತೈತಿ.
"ಕಬಡ್ಡಿ ಆಡೋದಿದ್ರ ಇದು ಬಾಯಾಗ ಇರಬೇಕಮ್ಮಾ. ಪ್ರಾಕ್ಟೀಸಿಗೂ. ಏಟು ಬಿತ್ತಂದ್ರ ತಂತಿ ತುಟಿಗೆ ಚುಚ್ತೈತಿ."
ನನಗಿಂತ ಜೋರು ಅಪ್ಪ ತಲಿ ಆಡ್ಸಿದ.

ನವೆಂಬರ್ 7
ಗಾರ್ಡ್ ಹಾಕ್ಕೊಂಡು ಗ್ರೌಂಡಿಗೆ. ಬರೇ ಜೊಲ್ಲು... ರೈಡ್ ಹೋದ್ರ ಕಬಡ್ಡಿ ಕಬಡ್ಡಿ ಅನ್ನೋದು "ಕವಲಿ ಕವಲಿ" ಆಗ್ತೈತಿ. ರಜಿತಾ ನಕ್ಕು ನಕ್ಕು ನೆಲಕ್ಕ ಕುಂತ್ಳು. ಸಣ್ಣಾಕಿ ಇದ್ದಾಗಿಂದ ಒಂದ ಬೆಂಚು ನಾವಿಬ್ರು. ಈಗ ಆಕಿ ಕ್ಯಾಪ್ಟನ್, ನಾ ರೈಡರ್. ನಗು ಮುಗಿದ ಮ್ಯಾಲ ಆಕೀನೇ ನನ್ನ ಕುಂದರಿಸಿ ಕಲಿಸಿದ್ಳು. "ತುಟಿ ಬಿಡು, ಗಂಟಲಿಂದ ಅನ್ನು ಲೇ."
ಕತ್ತಲಾಗೋ ತನಕ ಅಂದೆ.

ನವೆಂಬರ್ 19
ಮಖ್ತಲ್‌ನವ್ರನ್ನ ಸೋಲ್ಸಿದ್ವಿ! ಬಾಯಿಗೆ ಮೊಣಕೈ ಬಿತ್ತು. ಗಾರ್ಡ್ ಇತ್ತು, ಏನೂ ಆಗ್ಲಿಲ್ಲ. ನಮ್ಮ ಪಿ.ಇ.ಟಿ. ಮಹೇಂದರ್ ಸರ್ — "ಗದ್ವಾಲದಾಗ ಫೈನಲ್ ಗೆದ್ರ ಸ್ಟೇಟ್ ಟೂರ್ನಮೆಂಟಿಗೆ." ರಜಿತಾ ನನ್ನ ಎತ್ತಿ ತಿರುಗಿಸಿದ್ಳು. ಇಬ್ರೂ ಬಿದ್ವಿ.

ನವೆಂಬರ್ 30
ಬರಿಯಾಕ ಕೈ ಬರವಲ್ದು. ಮಾತಂತೂ ಇಲ್ಲ.
ಗದ್ವಾಲ, ಫೈನಲ್. ಅಂಪೈರ್ ಸೀಟಿ ಊದಿ ತೆಲುಗಿನಾಗ ಅಂದ್ರು — "ಕೂತ ವಿನಪಡ್ತಲೇದಮ್ಮಾ." ಗಾರ್ಡಿನಾಗಿಂದ ಕಬಡ್ಡಿ ಅನ್ನೋದು ಕೇಳವಲ್ದಂತ. ಪಾಯಿಂಟ್ ಅವ್ರಿಗೆ. ಮುಂದಿನ ರೈಡಿಗೂ ಅದ. ಸ್ಕೋರ್ ಸಮ ಆತು. ಕಡೀ ರೈಡ್ ನಂದು.
ಸರ್ ಹೊರಗಿಂದ ಕೂಗಿದ್ರು, "ಗಾರ್ಡ್ ಹಾಕ್ಕೊಂಡ ಹೋಗು! ಸೋತ್ರ ಸೋಲೋಣು!"
ರಜಿತಾ ನನ್ನ ಗದ್ದದ ಕೆಳಗ ಅಂಗೈ ಹಿಡದ್ಳು. "ಒಂದ ರೈಡ್ ಹರಿತಾ. ಏನಾಗಂಗಿಲ್ಲ. ಉಗುಳು."
ಉಗುಳಿದೆ.
ಎಷ್ಟು ಸ್ವಚ್ಛ ಬಂತು ದನಿ... ಒಬ್ಬಾಕಿನ್ನ ಮುಟ್ಟಿ ತಿರುಗಿದೆ. ಯಾರದೋ ಮೊಣಕಾಲು. ಗೆರಿ ಮುಟ್ಟಿದ್ದು ನೆನಪೈತಿ. ಬಾಯಿತುಂಬ ಬಿಸಿ, ಉಪ್ಪು.
ಗೆದ್ವಿ.

ಡಿಸೆಂಬರ್ 2
ತುಟಿ ಒಳಗ ಹೊಲಿಗಿ. ಮ್ಯಾಲಿನ ಮುಂದಿನ ಹಲ್ಲು ಎರಡೂ ಇಲ್ಲ. ಒಂದು ಗ್ರೌಂಡಿನಾಗ ಮುರೀತು. ಇನ್ನೊಂದರ ಬೇರು ಒಡದಿತ್ತಂತ, ಡಾಕ್ಟರ್ ತೆಗದ್ರು. ಬೈಲಿಲ್ಲ. ಬೈದಿದ್ರ ಚೊಲೋ ಇತ್ತು.
ಅಪ್ಪ ಮೂಲ್ಯಾಗ ನಿಂತು ಕೇಳಿದ, "ಮತ್ತ ಆಡ್ತಾಳೇನ್ರೀ?"
"ಉಳಿದ ಹಲ್ಲು ನಿಲ್ಲಲಿ ಮೊದ್ಲು."
ಟೀಮಿನ ಹುಡುಗ್ಯಾರೆಲ್ಲ ಮನಿಗೆ ಬಂದಿದ್ರು. ರಜಿತಾ ಬರ್ಲಿಲ್ಲ.

ಡಿಸೆಂಬರ್ 5
ರಜಿತಾನ ಅವ್ವ ಮಹಾಂತಮ್ಮ ಬಂದು ಅತ್ರು. "ಮೊಕ ಹೆಂಗ ತೋರ್ಸಲಿ ಅಂತಾಳವಾ. ಊಟ ಮಾಡವಲ್ಲಳು."
ಅವ್ವ ನೇಯಾಕ ಕುಂತಿದ್ದ ಮಗ್ಗದ ಗುಂಡ್ಯಾಗಿಂದ ಏಳಲಿಲ್ಲ. "ನನ್ನ ಮಗಳೂ ಮಾಡವಲ್ಲಳಕ್ಕ" ಅಂದ್ಳು. ಅಷ್ಟ. ಆಮ್ಯಾಲ ಚಾ ಕೊಟ್ಲು. ಇಬ್ರೂ ಕೂಡಿ ಕುಡಿದ್ರು.

ಡಿಸೆಂಬರ್ 11, ಮುಂಜಾನಿ
ಟೀಮು ಸ್ಟೇಟಿಗೆ ಹೋತು. ನನ್ನ ಜಾಗಾದಾಗ ಬ್ಯಾರೆ ಹುಡುಗಿ. ಬಸ್‌ಸ್ಟ್ಯಾಂಡಿಗೆ ಹೋಗೋಣಂತ ಚಪ್ಲಿ ಹಾಕ್ಕೊಂಡೆ. ಬಾಗಲ ತನಕ. ವಾಪಸ್ ಬಂದು ಗ್ವಾಡಿ ಕಡಿ ಮೊಕ ಮಾಡಿ ಮಲಗಿದೆ. ರಜಿತಾ ಮ್ಯಾಲ ಸಿಟ್ಟೇನು? ಉಗುಳಿದ್ದು ನಾನ. ಆದ್ರೂ... ಬರಬೇಕಿತ್ತು ಆಕಿ. ಒಂದ ಸಲ.

ಸಂಜಿ
ಫೋನ್ ಬಂತು. ಆಕಿದ. ಎತ್ತಿದೆ. ಹಿಂದ ಮೈಕಿನ ಗದ್ದಲ, ಆಕಿ ಅಳು.
"ಬೈಯಿ ಹರಿತಾ. ಏನರ ಅನ್ನು. ಸುಮ್ನಿರಬ್ಯಾಡ."
ಹಲ್ಲು ಹೋದ ಮ್ಯಾಲ ಆಕಿ ನನ್ನ ದನಿ ಕೇಳಿಲ್ಲ. ಬೈಯಾಕ ಮನಸ್ಸಾಗ್ಲಿಲ್ಲ. ಹೆಸರು ಹಿಡದು ಕರದೆ. ಕಡೀ ಅಕ್ಷರ ಬರಲೇ ಇಲ್ಲ. ನಾಲಿಗಿ ತಾಗಾಕ ಹಲ್ಲಿಲ್ಲ, ಬರೇ ಗಾಳಿ ಹೋತು.
ಆ ಕಡಿ ಅಳು ನಿಂತು ಹೋತು.
ಒಂದರ ಸಲ ಸಮಾ ಕರೀಬೇಕಂತ ಮತ್ತ ಬಾಯಿ ತೆಗದೆ. ರಜಿ—