ಬೀಗ ಬೀಳದ ಸಾಲು

ಮಾರ್ಚ್ 9, ಭಾನುವಾರ

ಗುಬ್ಬೀ,

ಮೊದಲು ಆಶೀರ್ವಾದ ತಗೋ, ಬೈಗುಳ ಇದ್ದರೆ ಆಮೇಲೆ. ಉತ್ತರ ತಡವಾಯಿತು ಅಂತ ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಅವತ್ತು ಫೋನಿನಲ್ಲಿ "ಮನೆ ಬಿಡು, ಈಗಲೇ ಬಿಡು, ಯಾಕೆ ಅಂತ ಆಮೇಲೆ ಹೇಳ್ತೀನಿ" ಅಂದು ಇಟ್ಟವಳು ಆ ಆಮೇಲೆಯನ್ನು ಇಷ್ಟು ದಿನ ಎಳೆದುಬಿಟ್ಟೆ. ಬರೆಯೋಕೆ ಕೂತಿರಲಿಲ್ಲ ಅಂತಲ್ಲ. ಕೂತೆ, ಬರೆದೆ, ಹರಿದು ಹಾಕಿದೆ. ಕ್ಷಮಿಸು. ನೀನು ಏನು ಎತ್ತ ಅಂತ ಒಂದು ಮಾತೂ ಕೇಳದೆ ಉಟ್ಟ ಬಟ್ಟೆಯಲ್ಲಿ ಹೊರಟೆಯಲ್ಲ, ಅದು ನನಗೆ ಇನ್ನೂ ಆಶ್ಚರ್ಯ. ಚಿಕ್ಕವಳಿದ್ದಾಗ ಒಂದು ಲೋಟ ನೀರು ತಾ ಅಂದರೂ "ಯಾಕೆ, ನಿನಗೆ ಕಾಲಿಲ್ವಾ?" ಅಂತ ಕೇಳ್ತಿದ್ದ ಹುಡುಗಿ ನೀನು.

ಆಸ್ಪತ್ರೆಯಲ್ಲಿ ದಿನವಿಡೀ ಬೇರೆಯವರು ಓದದ ಹಾಗೆ ಡಾಕ್ಟರುಗಳ ಈಮೇಲಿಗೆ ಬೀಗ ಹಾಕಿಕೊಡೋಳು ತಂಗಿಗೆ ಮಾತ್ರ ಪೆನ್ನು ಹಿಡಿದು ಬರೀತಾಳೆ ಅಂತ ನಗಬೇಡ. ನಿನ್ನ ಕಂಪ್ಯೂಟರು ಆ ಮನೆಯಲ್ಲೇ ಉಳೀತು. ನಿನ್ನ ಕೀಲಿಕೈ ಇದ್ದದ್ದು ಅದರೊಳಗೆ. ಈಗ ನಾನು ಬೀಗ ಹಾಕಿ ಕಳಿಸಿದರೆ ತೆಗೆಯೋಕೆ ನಿನ್ನ ಹತ್ತಿರ ಏನೂ ಇಲ್ಲ. ಅದಕ್ಕೇ ಇದು ನಿನ್ನ ವಕೀಲರ ಆಫೀಸಿನ ವಿಳಾಸಕ್ಕೆ ಬರುತ್ತೆ, ಆಕೆ ನಿನ್ನ ಕೈಗೆ ಕೊಡ್ತಾರೆ.

ನನ್ನ ಕಡೆ ಹೇಳಿಕೊಳ್ಳೋ ಅಂಥದ್ದೇನಿಲ್ಲ. ಹಳೇ ಕಟ್ಟಡದಲ್ಲೇ ಕೂತಿದ್ದೀನಿ, ಲಿಫ್ಟು ಕೆಟ್ಟಿದೆ, ಕಿಟಕಿಯಾಚೆ ಆಂಬುಲೆನ್ಸು ನಿಲ್ಲಿಸೋ ಜಾಗ. ನಮ್ಮ ದೊಡ್ಡ ಡಾಕ್ಟರು ಹೋದ ವಾರ ಒಂದು ಘನಂದಾರಿ ಕೆಲಸ ಮಾಡಿದರು. ಎಲ್ಲರಿಗೂ ಕಳಿಸಬೇಕಾದ್ದು ಬೀಗ, ತಮ್ಮಲ್ಲೇ ಇಟ್ಟುಕೊಳ್ಳಬೇಕಾದ್ದು ಕೀಲಿಕೈ ಅಂತ ನಾನು ಗಿಳಿಪಾಠ ಮಾಡಿಸಿದ್ದೆ. ಅವರು ಕೀಲಿಕೈ ಫೈಲನ್ನೇ ಇಡೀ ಆಸ್ಪತ್ರೆಗೆ ಕಳಿಸಿ, ಕೆಳಗೆ "ದಯವಿಟ್ಟು ಗೌಪ್ಯವಾಗಿಡಿ" ಅಂತ ಬರೆದರು. ಅಡಿಗೆಮನೆಯ ಮೇಸ್ತ್ರಿಗೂ ಹೋಗಿತ್ತು ಅದು. ಕೇಳೋಕೆ ಹೋದರೆ "ನೀವು ಸರಿಯಾಗಿ ಹೇಳಿಕೊಡಲಿಲ್ಲ" ಅಂದರು. ಆಯ್ತು ಸ್ವಾಮಿ ಅಂದು ಎಲ್ಲ ಅಳಿಸಿ ಹೊಸದು ಮಾಡಿಕೊಟ್ಟೆ.

ಈಗ ನಿನ್ನ ಪ್ರಶ್ನೆ. "ಅಕ್ಕಾ, ನೀನು ಹೇಳಿದ ಹಾಗೇ ಎಲ್ಲ ಮಾಡಿದ್ದೆ, ಎಲ್ಲಿ ತಪ್ಪಿದೆ? ಅವರು ಬೀಗ ಒಡೆದರಾ?" ಅಂತ ಬರೆದಿದ್ದೀಯ. ಇಲ್ಲ ಕಣೇ. ನೀನು ಎಲ್ಲೂ ತಪ್ಪಿಲ್ಲ, ಯಾರೂ ಬೀಗ ಒಡೆದಿಲ್ಲ. ನಿನಗೆ ಗೊತ್ತಿರೋದನ್ನೂ ಸೇರಿಸಿ ಮೊದಲಿಂದ ಹೇಳ್ತೀನಿ, ನಿನ್ನ ತಲೆಯಲ್ಲಿರೋ ಗೋಜಲು ಬಿಚ್ಚಿಕೊಳ್ಳಲಿ.

ನಿಮ್ಮ ಸಾಹೇಬರು ಮದುವೆಯ ಹೊಸದರಲ್ಲಿ ನಮಗೆಲ್ಲ ತಮ್ಮ ಕಂಪನಿಯದೇ ಒಂದೊಂದು ಈಮೇಲ್ ವಿಳಾಸ ಹಂಚಿದ್ದು ನೆನಪಿದೆಯಲ್ಲ. ಅಳಿಯ ಅಂದರೆ ಹೀಗಿರಬೇಕು ಅಂತ ಅಮ್ಮ ಬೀದಿಯೆಲ್ಲ ಹೇಳಿಕೊಂಡು ಬಂದಳು. ಪತ್ರ ಹೋಗಿ ಬರೋ ಯಂತ್ರ ಅವನದು, ಅವನ ಆಫೀಸಿನ ಹಿಂದಿನ ಕೋಣೆಯಲ್ಲಿರೋದು. ಅಂದರೆ ಅಂಚೆಯಣ್ಣನೂ ಅವನೇ, ಅಂಚೆ ಡಬ್ಬಿಯೂ ಅವನದೇ. ಅವನು ನಿನ್ನ ಕೈ ಮುರಿದು, ನೀನು ಪಟ್ಟಿ ಹಾಕಿಸಿಕೊಂಡು ಅವನ ಮನೆ ಬಿಟ್ಟು ಬಂದ ಮೇಲೆ ನಾನೂ ನೀನೂ ಆ ವಿಳಾಸ ಬಿಟ್ಟೆವು. ಅಮ್ಮ ಬಿಡಲಿಲ್ಲ. "ಹೊಲಿಗೆ ಅಂಗಡಿ ಬೋರ್ಡಿನ ಮೇಲೆ ಅದನ್ನೇ ಬರೆಸಿದ್ದೀನಿ, ಗಿರಾಕಿಗಳಿಗೆ ನಿನ್ನಪ್ಪ ಬಂದು ಹೊಸ ವಿಳಾಸ ಹೇಳ್ತಾರಾ?" ಅಂದಳು. ಅಪ್ಪ ಹೋಗಿ ಎಷ್ಟು ವರ್ಷವಾದರೂ ವಾದಕ್ಕೆ ಮಾತ್ರ ಬರ್ತಾರೆ.

ಅಷ್ಟರಲ್ಲಿ ನಿನ್ನ ಹೆಸರಲ್ಲಿ ಅಮ್ಮನಿಗೊಂದು ಪತ್ರ ಬಂತು. "ನನ್ನ ಸರ್ಟಿಫಿಕೇಟುಗಳನ್ನೆಲ್ಲ ನಿನ್ನ ಅಳಿಯನ ಕೈಲಿ ಕೊಟ್ಟು ಕಳಿಸು" ಅಂತ. ಅಮ್ಮ ಕೊಡೋಕೆ ಕಟ್ಟಿಟ್ಟಿದ್ದಳು. ನಾನು ನಿನ್ನನ್ನು ಕೇಳಿದೆ, ನೀನು ಅಂಥ ಪತ್ರ ಬರೆದೇ ಇರಲಿಲ್ಲ. ಅವತ್ತೇ ನಾನು ತೀರ್ಮಾನ ಮಾಡಿದ್ದು, ನಿನಗೂ ಅಮ್ಮನಿಗೂ ಸಹಿ ಬೇಕು, ಬೀಗ ಬೇಕು ಅಂತ. ಬರೆದವಳು ನೀನೇ ಅಂತ ಅಮ್ಮನಿಗೆ ಗೊತ್ತಾಗೋಕೆ ಸಹಿ. ಒಳಗೇನಿದೆ ಅಂತ ಅವನಿಗೆ ಗೊತ್ತಾಗದಿರೋಕೆ ಬೀಗ.

ಅಮ್ಮನಿಗೆ ಅದನ್ನು ಹೊಂದಿಸಿಕೊಟ್ಟ ದಿನದ ಕಥೆ ನಿನಗೆ ಹೇಳಿಲ್ಲ. ಅಂಗಡಿಯ ಕತ್ತರಿಸೋ ಮೇಜಿನ ಮೇಲೆ ಕಂಪ್ಯೂಟರು, ಅದರ ಮೇಲೆ ಯಾರದೋ ಪರದೆ ಬಟ್ಟೆ, ಕೀಬೋರ್ಡಿನ ಸಂದಿನಲ್ಲೆಲ್ಲ ದಾರದ ಚೂರು. ನಾನು ಪ್ರೋಗ್ರಾಂ ಹಾಕಿ, ಅಮ್ಮನ ಹೆಸರಿನ ಬೀಗ ಕೀಲಿಕೈ ಮಾಡಿ, "ಈಗ ಒಂದು ಗುಪ್ತವಾಕ್ಯ ಹೇಳು, ಉದ್ದ ಇರಲಿ, ಯಾರೂ ಊಹಿಸಬಾರದು" ಅಂದೆ. ಅಮ್ಮ ಅಂಗಡಿ ಬಾಗಿಲಲ್ಲಿ ಗಿರಾಕಿ ನಿಂತಿರೋ ಹಾಗೇ ಗಟ್ಟಿಯಾಗಿ ಹೇಳಿಬಿಟ್ಟಳು. ಆ ಗಿರಾಕಿ, ಬ್ಯಾಂಕಿನ ಮೇಡಮ್ಮು, "ಅಮ್ಮಾ, ಬೇರೆ ಇಟ್ಟುಕೊಳ್ಳಿ" ಅಂತ ನಕ್ಕರು. ಎರಡನೇ ಸಲ ನಾನು ಗೋಡೆ ಕಡೆ ತಿರುಗಿ ನಿಂತೆ, ಅವಳೇ ಒತ್ತಿದಳು. ಏನು ಒತ್ತಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬೀಗ ಅಂದರೇನು ಅಂತ ಅವಳಿಗೆ ಅವಳ ಭಾಷೆಯಲ್ಲೇ ಹೇಳಿದೆ. "ಒತ್ತಿದರೆ ಕಚ್ಚಿಕೊಳ್ಳೋ ಬೀಗ ಇರುತ್ತಲ್ಲಮ್ಮ, ಅದನ್ನು ತೆರೆದೇ ಊರಿಗೆಲ್ಲ ಹಂಚು. ಯಾರು ಬೇಕಾದರೂ ಒತ್ತಬಹುದು. ತೆಗೆಯೋಳು ಮಾತ್ರ ನೀನು." "ಆಮೇಲೆ?" "ಗುಬ್ಬಿಗೆ ಕಳಿಸುವಾಗ ಅವಳ ಬೀಗ ಒತ್ತಬೇಕು. ನೀನು ಏನೂ ಮಾಡೋದು ಬೇಡ, ಪ್ರೋಗ್ರಾಂ ತಾನೇ ಒತ್ತುತ್ತೆ. ಸಹಿಯೂ ತಾನೇ ಹಾಕುತ್ತೆ." "ಮತ್ತೆ ನಾನ್ಯಾಕೆ ಬೇಕು ಇಲ್ಲಿ?" ಅಂದಳು. ನಾನು ಎರಡು ಪತ್ರ ಆಡಿಸಿ ತೋರಿಸಿದೆ. ಸಹಿ ಸರಿ ಅಂತ ಹಸಿರು ಗುರುತು ಬಂತು. ಅಮ್ಮ ಕನ್ನಡಕ ಮೇಲೆ ಸರಿಸಿಕೊಂಡು, "ಅಚ್ಚುಕಟ್ಟಾಗಿದೆ" ಅಂದಳು. ಹೊಲಿಗೆಯ ಹೊರತು ಬೇರೆ ಯಾವುದಕ್ಕೂ ಅವಳು ಆ ಮಾತು ಹೇಳಿದ್ದು ನಾನು ಕೇಳಿಲ್ಲ.

ಒಂದು ಮಾತು ಒತ್ತಿ ಹೇಳಿದ್ದೆ. ಮೇಲೆ ಸಬ್ಜೆಕ್ಟ್ ಅಂತ ಒಂದು ಸಾಲು ಇರುತ್ತಲ್ಲ, ನಮ್ಮ ಈ ಪ್ರೋಗ್ರಾಮಿನಲ್ಲಿ ಅದಕ್ಕೆ ಬೀಗ ಬೀಳಲ್ಲ, ಅವನೂ ಸೇರಿ ದಾರಿಯಲ್ಲಿ ಸಿಕ್ಕವರೆಲ್ಲ ಓದಬಹುದು ಅಂತ. ಆಸ್ಪತ್ರೆಯಲ್ಲೂ ನಾನು ಹೇಳಿ ಹೇಳಿ ಗಂಟಲು ಕಟ್ಟಿಸಿಕೊಳ್ಳೋ ಮಾತು ಅದೇ. ಅಮ್ಮನ ಅಭ್ಯಾಸ ನಿನಗೆ ಗೊತ್ತು, ಇಡೀ ಪತ್ರವನ್ನು ಆ ಸಾಲಿನಲ್ಲೇ ಬರೆದು ಮುಗಿಸೋಳು. "ಪರದೆ ರೆಡಿ ನಾಳೆ ಬನ್ನಿ ಅಂಚು ಬಿಚ್ಚಿ ಮತ್ತೆ ಹಾಕಿದ್ದೀನಿ." ಕೆಳಗೆ ಖಾಲಿ. "ಸಾಲು ಸಾಕಾದರೆ ಪುಟ ಯಾಕೆ?" ಅನ್ನೋಳು.

ನೀನು ಹೊಸ ಮನೆ ಹಿಡಿದ ಮೇಲೆ ಬೀಗ ಹಾಕಿ, ಸಹಿ ಹಾಕಿ ಅಮ್ಮನಿಗೆ ಮನೆ ವಿಳಾಸ ಕಳಿಸಿದೆ. ಸರಿಯಾಗೇ ಕಳಿಸಿದ್ದೆ. ಎರಡು ದಿನ ಬಿಟ್ಟು ನನಗೆ ಅಮ್ಮನ ಉತ್ತರದ ಫೋಟೋ ಬಂತು ನಿನ್ನಿಂದ, ಜೊತೆಗೆ ನಿನ್ನ ತಮಾಷೆ: "ಅಕ್ಕಾ, ಅಮ್ಮ ಖಾಲಿ ಪೆಟ್ಟಿಗೆಗೆ ಬೀಗ ಜಡಿದು ಕಳಿಸಿದ್ದಾಳೆ ನೋಡು." ನಾನು ಊಟದ ಡಬ್ಬಿ ಬಿಚ್ಚುತ್ತಿದ್ದೆ. ನೋಡಿದೆ. ಸಹಿ ಸರಿ, ಹಸಿರು ಗುರುತು. ಬೀಗ ಸರಿ. ಒಳಗೆ ಏನೂ ಇಲ್ಲ. ಮೇಲಿನ ಸಾಲಿನಲ್ಲಿ: "ಗುಬ್ಬಿ ವಿಳಾಸ ಸಿಕ್ಕಿತು ಗಡಿಯಾರ ಗೋಪುರದ ಹಿಂದಿನ ಬೀದಿ ಔಷಧಿ ಅಂಗಡಿ ಮೇಲೆ ಎರಡನೇ ಮಹಡಿ ಕಂದು ಬಾಗಿಲು ಸಂಜೆ ಆರಕ್ಕೆ ಮನೆಗೆ ಬರ್ತೀಯ ಅಂತ ತಿಳೀತು ಚೆನ್ನಾಗಿರು."

ನಿನಗೆ ಅದು ಅಮ್ಮನ ಎಂದಿನ ಚಾಳಿಯ ಹಾಗೆ ಕಂಡಿರಬೇಕು. ನಾನು ಡಬ್ಬಿ ಹಾಗೇ ಬಿಟ್ಟು ಎದ್ದೆ. ಆ ಸಾಲು ಅವನ ಯಂತ್ರದ ಮೂಲಕ, ಅವನ ಕಣ್ಣ ಮುಂದೆ ಹಾದು ಹೋಗಿತ್ತು. ತಕ್ಷಣ ನಿನಗೆ ಫೋನ್ ಮಾಡಿದೆ. ಮರುದಿನ ಬೆಳಿಗ್ಗೆ ಅವನು ಆ ಔಷಧಿ ಅಂಗಡಿ ಎದುರು ನಿಂತಿದ್ದ ಅಂತ ನಿನ್ನ ಮನೆ ಓನರಮ್ಮ ವಕೀಲರಿಗೆ ಹೇಳಿದ್ದಾರೆ. ತಲೆನೋವಿನ ಮಾತ್ರೆ ಕೊಂಡನಂತೆ, ಮೇಲೆ ಯಾರಿದ್ದಾರೆ ಅಂತ ವಿಚಾರಿಸಿದನಂತೆ. ಬಹಳ ಮರ್ಯಾದಸ್ಥ ಅಂದರಂತೆ ಅಂಗಡಿಯವರು.

ನಡೆದದ್ದು ಇಷ್ಟೇ. "ಪಾಪ ಅಕ್ಕಾ, ಅಮ್ಮನಿಂದ ಏನಾದರೂ ಎಡವಟ್ಟಾಗಿದ್ದರೆ ಬೈಯಬೇಡ, ಅವಳಿಗೆ ಇದೆಲ್ಲ ಎಲ್ಲಿ ತಿಳಿಯಬೇಕು" ಅಂತಲೂ ಬರೆದಿದ್ದೀಯ. ಬೈದಿಲ್ಲ. ಹೋಗಿ ಮಾತಾಡಿಸಿಕೊಂಡು ಬಂದೆ. ಆರೋಗ್ಯವಾಗಿದ್ದಾಳೆ. ಮಂಡಿ ನೋವು ಇದ್ದದ್ದೇ, ಶಾಲೆ ಶುರುವಾಗೋ ಮುಂಚೆ ಯೂನಿಫಾರ್ಮಿನ ಕೆಲಸ ರಾಶಿ ಬಿದ್ದಿದೆ.

ಇನ್ನು ನೀನು ಮಾಡಬೇಕಾದ್ದು. ವಕೀಲರು ಒಂದು ಕಂಪ್ಯೂಟರು ಎರವಲು ಕೊಡ್ತಾರಂತೆ. ಅದರಲ್ಲಿ ಅದೇ ಪ್ರೋಗ್ರಾಂ ಹಾಕು, ಹೊಸ ಈಮೇಲ್ ವಿಳಾಸ ತಗೋ, ಹೊಸ ಬೀಗ ಕೀಲಿಕೈ ಮಾಡು. ಗುಪ್ತವಾಕ್ಯ ಗಟ್ಟಿಯಾಗಿ ಓದಬೇಡ, ನೀನೂ ಅಮ್ಮನ ಮಗಳೇ. ಹಳೇ ಬೀಗ ರದ್ದು ಅಂತ ಸಾರೋ ಫೈಲು ಒಂದು ಮೊದಲೇ ಮಾಡಿಸಿ ನನ್ನ ಹತ್ತಿರ ಇಟ್ಟುಕೊಂಡಿದ್ದೆ, ಅದನ್ನು ಎಲ್ಲರಿಗೂ ಕಳಿಸಿಬಿಟ್ಟಿದ್ದೀನಿ. ಇನ್ನು ಯಾರಾದರೂ ಆ ಹಳೇ ಸಹಿ ಹಾಕಿ ನಿನ್ನ ಹೆಸರಲ್ಲಿ ಬರೆದರೂ ಕೆಂಪು ಗುರುತು ಬರುತ್ತೆ. ಹೊಸ ಬೀಗ ಮಾಡಿದ ಮೇಲೆ ಫೋನ್ ಮಾಡು, ಅದರ ಬೆರಳಚ್ಚು, ಅಂದರೆ ಆ ಬೀಗದ ಗುರುತಿನ ಅಕ್ಷರಗಳನ್ನು, ನೀನು ಓದು, ನಾನು ಇಲ್ಲಿ ನೋಡಿಕೊಂಡು ಹೋಗ್ತೀನಿ. ನಿನ್ನ ಬಾಯಿಂದ ಕೇಳದೆ ನಾನು ಯಾವುದನ್ನೂ ನಂಬಲ್ಲ. ಇದರಲ್ಲಿ ಅಕ್ಕ ತಂಗಿ ಅನ್ನೋ ರಿಯಾಯಿತಿ ಇಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಕೈಗೆ ಡಾಕ್ಟರು ಹೇಳಿದ ವ್ಯಾಯಾಮ ಬಿಡಬೇಡ, ನೋವಾದರೂ ಮಾಡು. ಒಳ್ಳೇದಾಗುತ್ತೆ ಕಣೇ, ಒಳ್ಳೇದೇ ಆಗುತ್ತೆ. ನಾನಿದ್ದೀನಿ.

ನಿನ್ನ
ಅಕ್ಕ

ಸೋಮವಾರ ಬೆಳಿಗ್ಗೆ. ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ನಿನ್ನೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಪೂರ್ತಿ ಇಲ್ಲ. ಇಷ್ಟು ದಿನ ಬರೆದು ಹರಿದದ್ದು ಇದೇ ಭಾಗವನ್ನು.

ಅಮ್ಮನನ್ನು ನೋಡೋಕೆ ಹೋದೆ ಅಂದೆನಲ್ಲ, ಮತ್ತೊಂದು ಸಲ ಹೇಳಿಕೊಡೋಣ ಅಂತ ಹೋಗಿದ್ದು. ಅವಳು ಮಿಷನ್ ಮೇಲೆ ಕೂತಿದ್ದಳು. ನಾನು ಮೆತ್ತಗೆ ಶುರು ಮಾಡಿದೆ, "ಅಮ್ಮಾ, ಆ ಮೇಲಿನ ಸಾಲಿಗೆ ಬೀಗ ಬೀಳಲ್ಲ, ಮರೆತುಹೋಯ್ತು ಅಂತ ಕಾಣುತ್ತೆ..." ಮಿಷನ್ ನಿಲ್ಲಿಸಿದಳು. "ಅಷ್ಟೂ ತಲೆಯಲ್ಲಿ ನಿಲ್ಲದ ಹೆಡ್ಡಿ ಅಂದ್ಕೊಂಡ್ಯಾ ನನ್ನ? ಅಲ್ಲಿ ಬರೆದರೆ ಅವನು ಓದ್ತಾನೆ ಅಂತ ನೀನೇ ಹೇಳಿದ್ದೆ. ಅದಕ್ಕೇ ಅಲ್ಲಿ ಬರೆದೆ" ಅಂದಳು.

ನಾನು ಅವಳ ಮುಖ ನೋಡಿದೆ. ಸಿಟ್ಟೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. "ಗಂಡ ಹೆಂಡತಿ ಒಂದು ಸಲ ಎದುರುಬದುರು ಕೂತರೆ ಎಲ್ಲ ಸರಿಹೋಗುತ್ತೆ. ವಾರಕ್ಕೊಂದು ಸಲ ಬಂದು 'ಅತ್ತೆ, ಊಟ ಆಯ್ತಾ' ಅಂತ ಕೇಳೋನು, ಅವನು. ಕೈ ಕೂಡಿಕೊಂಡಿತಲ್ಲ ಅವಳದು? ನೀವಿಬ್ಬರೂ ಸೇರಿ ಬಾಗಿಲು ಹಾಕ್ತಾ ಹೋದರೆ ಯಾರಾದರೂ ಒಬ್ಬರು ತೆಗೀಬೇಕಲ್ಲ" ಅಂದಳು. ಅಂಗಡಿಯಿಂದ ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಕೂತು ಅತ್ತುಬಿಟ್ಟೆ, ಗುಬ್ಬೀ. ಅವನ ಮೇಲೆ ಬಂದಷ್ಟೇ ಸಿಟ್ಟು ಅಮ್ಮನ ಮೇಲೂ ಬಂತು, ಮತ್ತೆ ಅವಳ ಮಂಡಿ ನೋವಿಗೆ ಮುಲಾಮು ತಂದುಕೊಟ್ಟು ಬಂದೆ. ಏನು ಮಾಡಲಿ ಹೇಳು.

ನಿನಗೆ ಹೇಳಬೇಡ ಅಂತ ಅವಳೇನೂ ಅನ್ನಲಿಲ್ಲ. ನಾನೇ ಮುಚ್ಚಿಡೋಣ ಅಂದುಕೊಂಡೆ. ಆದರೆ ನೀನು "ಅಮ್ಮ ಗಾಬರಿಯಾಗಿರ್ತಾಳೆ, ಈ ಸಲ ಎಚ್ಚರದಿಂದ ಹೊಸ ವಿಳಾಸ ತಿಳಿಸ್ತೀನಿ" ಅಂತ ಬರೆದಿದ್ದೀಯಲ್ಲ, ಆ ಒಂದು ಸಾಲಿಗಾಗಿ ಹೇಳಲೇಬೇಕಾಯಿತು. ಅಮ್ಮ ಇವತ್ತು ಬೆಳಿಗ್ಗೆಯೇ ಫೋನ್ ಮಾಡಿದ್ದಳು. "ಹುಡುಗಿ ಈಗ ಎಲ್ಲಿದ್ದಾಳೆ, ಹೊಸ ವಿಳಾಸ ಹೇಳು" ಅಂದಳು. ನನಗೆ ಗೊತ್ತಿಲ್ಲ ಅಂದೆ. ನೀನೂ ಕೊಡಬೇಡ.